ಊರು ಬಿಟ್ಟರೆ ಸಾಲದ ಬೇನೆ

ಇಲಿ ಸತ್ತು ಬಿದ್ದ ಮನೆಯಲ್ಲಿ ಇರಬಾರದು, ಹೊಲಕ್ಕೆ ಹೋಗಿ ಗುಡಿಸಲು ಹಾಕಬೇಕು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಧಾರವಾಡ ಜಿಲ್ಲೆಯ ಜನ ಸಾವು ಎಣಿಸಿ ಎಣಿಸಿ ಕಲಿತ ಪಾಠ ಇದು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಮೊದಲು ಗುರುತಿಸಿದ ಪ್ಲೇಗು ಪುಣೆಯ ಕಡೆಯಿಂದ ರೈಲು ಹಿಡಿದು ದಕ್ಷಿಣಕ್ಕೆ ಇಳಿಯಿತು. 1898ರಲ್ಲಿ ಅದು ಹುಬ್ಬಳ್ಳಿಯಲ್ಲಿ ಬೀಡುಬಿಟ್ಟಾಗ ಆ ಊರು ದಕ್ಷಿಣ ಮರಾಠಾ ಸೀಮೆಯ ಹತ್ತಿ ವ್ಯಾಪಾರದ ಕೇಂದ್ರವಾಗಿತ್ತು. ನೇಕಾರರ ಓಣಿಗಳು, ಅರಳೆಯ ಅಂಡಿಗೆಗಳು, ಸದರ್ನ್ ಮರಾಠಾ ರೈಲ್ವೆಯ ಕಾರ್ಖಾನೆ, ಇವುಗಳ ಸುತ್ತ ಸುಮಾರು ಐವತ್ತು ಸಾವಿರ ಜನ ಒತ್ತೊತ್ತಾಗಿ ಬದುಕುತ್ತಿದ್ದರು. ಕಾಳುಕಡಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಚಿಗಟ. ಪ್ಲೇಗಿಗೆ ಇದಕ್ಕಿಂತ ಅನುಕೂಲದ ಊರು ಸಿಗುವುದು ಕಷ್ಟವಿತ್ತು. ಆದರೂ ಆ ವರ್ಷ ಹುಬ್ಬಳ್ಳಿಯಲ್ಲಿ ನಡೆದ ಕೆಲಸ ವೈದ್ಯಕೀಯ ಚರಿತ್ರೆಯಲ್ಲಿ ಒಂದು ಗೆಲುವಾಗಿ ದಾಖಲಾಯಿತು. ಇಪ್ಪತ್ತು ವರ್ಷದ ಬಳಿಕ, 1918ರಲ್ಲಿ, ಅದೇ ಸೀಮೆಗೆ ಇನ್‌ಫ್ಲುಯೆಂಜಾ ಅಥವಾ ಫ್ಲೂ ಎಂಬ ಇನ್ನೊಂದು ಮಾರಿ ಬಂದಾಗ ಆ ಗೆಲುವಿನ ಪಾಠಗಳಲ್ಲಿ ಒಂದೂ ಕೈಹಿಡಿಯಲಿಲ್ಲ. ಇದಕ್ಕೆ ಸರ್ಕಾರದ ಉದಾಸೀನ, ಬರಗಾಲ, ಯುದ್ಧ ಎಂದು ಹಲವು ಕಾರಣ ಕೊಡುವುದುಂಟು. ಅವೆಲ್ಲ ಸುಳ್ಳಲ್ಲ. ಆದರೆ ಅವುಗಳಿಗಿಂತ ಮೊದಲು ನೋಡಬೇಕಾದ ಕಾರಣ ಮನುಷ್ಯನ ಎದೆಗೂಡಿನಲ್ಲಿದೆ: ಮೊದಲ ಬೇನೆ ಚರ್ಮದ ಮೂಲಕ ಒಳಬಂದಿತ್ತು, ಎರಡನೆಯದು ಶ್ವಾಸಕೋಶದ ಮೂಲಕ.

ಮೊದಲು ಆ ಗೆಲುವಿನ ಕತೆ. ರಷ್ಯಾ ಸಾಮ್ರಾಜ್ಯದ ಒಡೆಸ್ಸಾದಲ್ಲಿ ಹುಟ್ಟಿದ ವಾಲ್ಡಿಮರ್ ಹಾಫ್‌ಕಿನ್ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ತಾನು ತಯಾರಿಸಿದ ಪ್ಲೇಗಿನ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡಿದ್ದ. ತಯಾರಿಕೆಯ ವಿಧಾನ ಇಂದು ಕೇಳಿದರೆ ಅಡುಗೆಮನೆಯ ಕೆಲಸದಂತಿದೆ: ಮಾಂಸದ ಸಾರಿನಂಥ ದ್ರವದ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟು, ಅವುಗಳ ಕೆಳಗೆ ಪ್ಲೇಗಿನ ಜೀವಾಣುಗಳು ಎಳೆಎಳೆಯಾಗಿ ಇಳಿಬೀಳುವಂತೆ ಬೆಳೆಸಿ, ಆಮೇಲೆ ಕಾಯಿಸಿ ಕೊಲ್ಲುವುದು. ಈ ದ್ರವವನ್ನು ಹುಬ್ಬಳ್ಳಿಯಲ್ಲಿ ಕ್ಯಾಪ್ಟನ್ ಲ್ಯೂಮನ್ ಎಂಬ ಸೇನಾ ವೈದ್ಯ ಮತ್ತು ಮಿಸ್ ಕಾರ್ಥಾರ್ನ್ ಎಂಬ ವೈದ್ಯೆ 1898ರ ಮೇ ತಿಂಗಳಿಂದ ಸೆಪ್ಟೆಂಬರಿನ ತನಕ ಜನರಿಗೆ ಚುಚ್ಚಿದರು. ಪರಗಂಡಸಿನ ಮುಂದೆ ತೋಳು ಚಾಚದ ಹೆಂಗಸರು ಅರ್ಧ ಊರಷ್ಟಿದ್ದ ಕಾಲದಲ್ಲಿ ವೈದ್ಯೆಯೊಬ್ಬಳು ಅಲ್ಲಿದ್ದುದು ಸಣ್ಣ ಸಂಗತಿಯಲ್ಲ. ಚುಚ್ಚಿದ ಮೇಲೆ ಒಂದೆರಡು ದಿನ ಜ್ವರ, ತೋಳು ಬಾವು. ಅಷ್ಟಿದ್ದೂ ಆ ಕೆಲವೇ ತಿಂಗಳಲ್ಲಿ 35,000ಕ್ಕೂ ಹೆಚ್ಚು ಜನ ಚುಚ್ಚಿಸಿಕೊಂಡರು. ಹಿಂದಿನ ವರ್ಷ ಪುಣೆಯಲ್ಲಿ ಸೈನಿಕರು ಮನೆ ಹೊಕ್ಕು ಶೋಧಿಸಿದ್ದು, ಅದರ ಸಿಟ್ಟಿನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಕೊಲೆಯಾದದ್ದು ಎಲ್ಲರಿಗೂ ಗೊತ್ತಿತ್ತು. ಹಾಗಿರುವಾಗ ಒಂದು ಊರಿಗೆ ಊರೇ ಸೂಜಿಗೆ ತೋಳು ಕೊಟ್ಟದ್ದು ಅಧಿಕಾರಿಗಳಿಗೂ ಅಚ್ಚರಿಯೇ.

ಲ್ಯೂಮನ್ ಕೊಟ್ಟ ಅಂಕಿಗಳ ಪ್ರಕಾರ ಚುಚ್ಚಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆ, ಚುಚ್ಚಿಸಿಕೊಳ್ಳದವರಲ್ಲಿ ಭೀಕರ. ಎಡಿನ್‌ಬರೊದ ಪ್ರೊಫೆಸರ್ ಫ್ರೇಸರ್ ಅಧ್ಯಕ್ಷತೆಯಲ್ಲಿ ಬಂದ ಪ್ಲೇಗ್ ಆಯೋಗ ಈ ಅಂಕಿಗಳನ್ನು ಹಾಗೇ ಒಪ್ಪಲಿಲ್ಲ. ಚುಚ್ಚಿಸಿಕೊಳ್ಳದ ಜನ ವಾರವಾರಕ್ಕೂ ಊರು ಬಿಡುತ್ತಿದ್ದರು, ಉಳಿದವರೆಷ್ಟು ಎಂದು ಯಾರೂ ನಿಖರವಾಗಿ ಎಣಿಸಿರಲಿಲ್ಲ. ಭಾಜಕವೇ ತಪ್ಪಿದರೆ ಭಾಗಲಬ್ಧ ಹೇಗೆ ಸರಿಯಾದೀತು ಎಂಬುದು ಆಯೋಗದ ಆಕ್ಷೇಪದ ಸಾರ. ಆದರೆ ಲಸಿಕೆಯಿಂದ ರೋಗವೂ ಸಾವೂ ಎದ್ದು ಕಾಣುವಷ್ಟು ತಗ್ಗುತ್ತವೆ ಎಂಬ ತೀರ್ಮಾನಕ್ಕೆ ಅದೂ ಬಂತು. ನ್ಯಾಯವಾದ ತೀರ್ಮಾನವೇ. ಲ್ಯೂಮನ್ ಉತ್ಸಾಹದಲ್ಲಿ ಲೆಕ್ಕವನ್ನು ಹಿಗ್ಗಿಸಿರಬಹುದು, ಇಲ್ಲದ ಪರಿಣಾಮವನ್ನಂತೂ ಸೃಷ್ಟಿಸಿರಲಿಲ್ಲ.

ಇಲ್ಲೊಂದು ಸೂಕ್ಷ್ಮ ಗಮನಿಸಬೇಕು. ಪ್ಲೇಗನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಚಿಗಟ ಎಂದು ಪಾಲ್ ಲೂಯಿ ಸಿಮೋನ್ ಕರಾಚಿಯಲ್ಲಿ ಕಂಡುಕೊಂಡದ್ದು ಅದೇ 1898ರಲ್ಲಿ, ಪ್ರಪಂಚ ಅದನ್ನು ನಂಬಿದ್ದು ಇನ್ನೂ ಏಳೆಂಟು ವರ್ಷ ಬಿಟ್ಟು. ಹುಬ್ಬಳ್ಳಿಯ ಗೃಹಸ್ಥನಿಗಾಗಲಿ ಅಲ್ಲಿನ ಕಲೆಕ್ಟರನಿಗಾಗಲಿ ಚಿಗಟದ ಸುದ್ದಿ ಗೊತ್ತಿರಲಿಲ್ಲ. ಆದರೂ ಮನೆ ಬಿಟ್ಟು ಹೊಲದ ಗುಡಿಸಲಿಗೆ ಹೋದವರು ಬಹುಮಟ್ಟಿಗೆ ಬದುಕಿದರು, ಏಕೆಂದರೆ ಇಲಿಯೂ ಚಿಗಟವೂ ಹಿಂದೆ ಮನೆಯಲ್ಲೇ ಉಳಿದವು. ಕಾರಣ ತಿಳಿಯದೆಯೂ ಮದ್ದು ಸರಿಯಾಗಿತ್ತು. ಗಡ್ಡೆ ಪ್ಲೇಗಿನ ದಾರಿ ನಿಧಾನದ್ದು: ಕಾಲಿಗೋ ಕೈಗೋ ಚಿಗಟ ಕಚ್ಚಬೇಕು, ಜೀವಾಣು ತೊಡೆಸಂದಿನ ಅಥವಾ ಕಂಕುಳಿನ ದುಗ್ಧಗ್ರಂಥಿಗೆ ಸೇರಬೇಕು, ಅಲ್ಲಿ ಗಡ್ಡೆ ಏಳಬೇಕು. ರೋಗಿಯ ಪಕ್ಕ ಕೂತವನಿಗೆ ರೋಗಿಯಿಂದ ನೇರವಾಗಿ ಅಂಟುವುದು ಅಪರೂಪ. ಅಂದರೆ ಈ ಬೇನೆ ವಾಸಸ್ಥಳಕ್ಕೆ ಅಂಟಿದ್ದು, ಸ್ಥಳ ಬಿಟ್ಟರೆ ಬೇನೆಯೂ ಬಿಡುತ್ತದೆ.

ಪ್ಲೇಗು ಶ್ವಾಸಕೋಶಕ್ಕೂ ಇಳಿಯುತ್ತದಲ್ಲ, ಹಾಗಾದರೆ ಹುಬ್ಬಳ್ಳಿಯಲ್ಲಿ ಅದು ಉಸಿರಿನಿಂದ ಉಸಿರಿಗೆ ಏಕೆ ಹಬ್ಬಲಿಲ್ಲ ಎಂದು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಪ್ಲೇಗಿನ ನ್ಯುಮೋನಿಯಾವನ್ನು ಚೈಲ್ಡ್ ಎಂಬ ವೈದ್ಯ ಮುಂಬಯಿಯಲ್ಲೇ 1897ರಲ್ಲಿ ವಿವರಿಸಿದ್ದ. ಅದರ ನಿಜರೂಪ ಕಂಡದ್ದು ಮಾತ್ರ 1910–11ರ ಚಳಿಗಾಲದಲ್ಲಿ, ಮಂಚೂರಿಯದಲ್ಲಿ. ಹೊರಗೆ ಹೆಪ್ಪುಗಟ್ಟುವ ಚಳಿ, ಒಳಗೆ ಕಿಟಕಿ ಮುಚ್ಚಿದ ಛತ್ರಗಳಲ್ಲಿ ಕೂಲಿಗಳು ಮಗ್ಗುಲಿಗೆ ಮಗ್ಗುಲು ಮಲಗುತ್ತಿದ್ದರು. ಸುಮಾರು ಅರವತ್ತು ಸಾವಿರ ಜನ ಸತ್ತರು. ಮಲಯಾದಲ್ಲಿ ಹುಟ್ಟಿದ ಡಾ. ವೂ ಲಿಯೆನ್-ತೆ ರೋಗ ಹರಡುತ್ತಿರುವುದು ಕೆಮ್ಮಿನ ಹನಿಗಳಿಂದ ಎಂದು ಹೇಳಿ, ಹತ್ತಿ ತುಂಬಿದ ಜಾಳುಬಟ್ಟೆಯ ಮುಸುಕನ್ನು ಎಲ್ಲರಿಗೂ ಕಟ್ಟಿಸಿದ. ಅದನ್ನು ಕೇಳಿ ನಕ್ಕು ಮುಸುಕಿಲ್ಲದೆ ರೋಗಿಗಳ ಬಳಿ ಹೋದ ಫ್ರೆಂಚ್ ವೈದ್ಯ ಮೆಸ್ನಿ ಕೆಲವೇ ದಿನಗಳಲ್ಲಿ ಅದೇ ರೋಗದಿಂದ ತೀರಿಕೊಂಡ. ನಮ್ಮ ಕಡೆ ಅಂಥ ಮುಚ್ಚಿದ ಛತ್ರಗಳಿರಲಿಲ್ಲ. ಇನ್ನೊಂದು ಕಾರಣ ರೋಗದ ಉಗ್ರತೆಯೇ: ಪ್ಲೇಗಿನ ನ್ಯುಮೋನಿಯಾ ಹತ್ತಿದವನು ಹಾಸಿಗೆ ಹಿಡಿಯುತ್ತಾನೆ, ಎರಡು ಮೂರು ದಿನಗಳಲ್ಲಿ ಮುಗಿಯುತ್ತಾನೆ. ಅವನು ಟಿಕೀಟು ತೆಗೆಸಿ ಗದಗಿಗೆ ಹೋಗಲಾರ. ಫ್ಲೂ ಹತ್ತಿದವನು ಹೋಗಬಲ್ಲ.

ಉಸಿರಿನ ದಾರಿ ಎಂಥದು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ನೋಡಬೇಕು. ಶ್ವಾಸಕೋಶದ ಕೆಲಸ ಹೃದಯವನ್ನು ತಂಪು ಮಾಡುವುದು ಎಂದು ಗ್ಯಾಲೆನ್‌ನ ಕಾಲದಿಂದ ಯುರೋಪು ನಂಬಿಕೊಂಡು ಬಂದಿತ್ತು. ಹೃದಯದ ಬಲಭಾಗದ ರಕ್ತ ಶ್ವಾಸಕೋಶವನ್ನು ಹಾದೇ ಎಡಭಾಗಕ್ಕೆ ಬರಬೇಕು ಎಂದು ಹದಿಮೂರನೆಯ ಶತಮಾನದ ಕೈರೋದಲ್ಲಿ ಇಬ್ನ್ ಅಲ್-ನಫೀಸ್ ಬರೆದದ್ದು ಬಹುಕಾಲ ಮೂಲೆಗೆ ಬಿದ್ದಿತ್ತು. 1661ರಲ್ಲಿ ಬೊಲೊನ್ಯಾದ ಮಾರ್ಚೆಲ್ಲೊ ಮಾಲ್ಪಿಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದು ಮಾಂಸದ ಮುದ್ದೆಯಲ್ಲ, ಗಾಳಿ ತುಂಬಿದ ಅಸಂಖ್ಯ ಕೋಶಗಳು ಮತ್ತು ಅವುಗಳ ಗೋಡೆಯಲ್ಲಿ ಹರಿಯುವ ಕೂದಲಿಗಿಂತ ತೆಳ್ಳಗಿನ ರಕ್ತನಾಳಗಳು ಎಂದು ತೋರಿಸಿದ. ಮನುಷ್ಯನಲ್ಲಿಯೂ ಹಾಗೆಯೇ. ಗಂಟಲಿನಿಂದ ಇಳಿದ ಶ್ವಾಸನಾಳ ಎದೆಯೆಲುಬಿನ ಹಿಂದೆ ಎರಡಾಗುತ್ತದೆ. ಬಲಗವಲು ಅಗಲ, ಗಿಡ್ಡ, ಹೆಚ್ಚು ನೆಟ್ಟಗೆ. ಮಗುವಿನ ಬಾಯಲ್ಲಿದ್ದ ಶೇಂಗಾ ಕಾಳು ದಾರಿ ತಪ್ಪಿದರೆ ಹೆಚ್ಚಾಗಿ ಬಲಕ್ಕೇ ಬೀಳುವುದು ಅದಕ್ಕಾಗಿ. ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಹೃದಯಕ್ಕೆ ಜಾಗ ಬಿಟ್ಟುಕೊಟ್ಟ ಎಡಕ್ಕೆ ಎರಡು. ಅಲ್ಲಿಂದ ಮುಂದೆ ನಾಳ ಒಂದು ಎರಡಾಗಿ, ಎರಡು ನಾಲ್ಕಾಗಿ, ಸುಮಾರು 23 ಸಲ ಕವಲೊಡೆದು ಗಾಳಿಚೀಲಗಳಲ್ಲಿ ಕೊನೆಯಾಗುತ್ತದೆ. ಚೀಲಗಳ ಸಂಖ್ಯೆ 30 ಕೋಟಿ ಎಂದು ಹಳೆಯ ಲೆಕ್ಕ, 48 ಕೋಟಿಯ ಆಸುಪಾಸು ಎಂದು ಈಚಿನ ಲೆಕ್ಕ. ಎಲ್ಲವನ್ನೂ ಬಿಡಿಸಿ ಹಾಸಿದರೆ 70 ಚದರ ಮೀಟರ್, ಅಂದರೆ 750 ಚದರ ಅಡಿ. ಗಾಳಿಗೂ ರಕ್ತಕ್ಕೂ ನಡುವಿನ ಪೊರೆ ಉಳ್ಳಾಗಡ್ಡಿಯ ಒಳಸಿಪ್ಪೆಗಿಂತ ಎಷ್ಟೋ ತೆಳು, ಮಿಲಿಮೀಟರಿನ ಸಾವಿರದ ಒಂದು ಭಾಗವೂ ಇಲ್ಲ. ಆಮ್ಲಜನಕ ದಾಟಬೇಕಾದರೆ ಅಷ್ಟು ತೆಳು ಇರಲೇಬೇಕು. ನಮ್ಮ ಚರ್ಮ ಎರಡು ಚದರ ಮೀಟರಿಗೂ ಕಡಿಮೆ, ಪದರದ ಮೇಲೆ ಪದರವಾಗಿ ದಪ್ಪ. ಹೊರಪ್ರಪಂಚಕ್ಕೆ ಮೈ ಹೆಚ್ಚು ತೆರೆದುಕೊಂಡಿರುವುದು ಕಣ್ಣಿಗೆ ಕಾಣುವ ಚರ್ಮದಲ್ಲಲ್ಲ, ಒಳಗೆ ಅಡಗಿರುವ ಈ ಪೊರೆಯಲ್ಲಿ. ದಿನಕ್ಕೆ ಸುಮಾರು ಇಪ್ಪತ್ತು ಸಾವಿರ ಸಲ ನಾವು ಆ ಬಾಗಿಲು ತೆರೆಯುತ್ತೇವೆ.

ಕಾವಲು ಇಲ್ಲವೆಂದಲ್ಲ. ಮೂಗಿನ ಕೂದಲು ದೊಡ್ಡ ಧೂಳನ್ನು ಹಿಡಿಯುತ್ತದೆ. ನಾಳಗಳ ಒಳಗೋಡೆಯ ಅಂಟುಲೋಳೆಯನ್ನು ಕೋಟ್ಯಂತರ ಸೂಕ್ಷ್ಮ ರೋಮಗಳು ಬಿಡುವಿಲ್ಲದೆ ಮೇಲಕ್ಕೆ ತಳ್ಳುತ್ತವೆ, ನಾವು ಅದನ್ನು ಅರಿವಿಲ್ಲದೆ ನುಂಗುತ್ತೇವೆ ಇಲ್ಲವೆ ಕ್ಯಾಕರಿಸುತ್ತೇವೆ. ಗಾಳಿಚೀಲದ ಒಳಗೆ ರೋಮಗಳಿಲ್ಲ, ಅಲ್ಲಿ ಕಸ ನುಂಗುವ ಜೀವಕೋಶಗಳು ಸುತ್ತುತ್ತಿರುತ್ತವೆ. ಫ್ಲೂ ವೈರಸ್ಸಿನ ಹಾವಳಿ ಶುರುವಾಗುವುದು ಈ ಕಾವಲಿನವರಿಂದಲೇ: ಅದು ಮೊದಲು ಹೊಕ್ಕು ಕೊಲ್ಲುವುದು ರೋಮವಿರುವ ಜೀವಕೋಶಗಳನ್ನು.

1918ರ ಜೂನ್ 10ರಂದು ಮುಂಬಯಿಯಲ್ಲಿ ಏಳು ಜನ ಪೊಲೀಸ್ ಸಿಪಾಯಿಗಳು ಜ್ವರದಿಂದ ಆಸ್ಪತ್ರೆ ಸೇರಿದರು, ಅವರಲ್ಲೊಬ್ಬ ಬಂದರಿನಲ್ಲಿ ಕಾವಲಿದ್ದವನು. ಯುದ್ಧದ ಹಡಗುಗಳು ಹೊತ್ತು ತಂದ ಆ ಮೊದಲ ಅಲೆ ಮೃದುವಾಗಿತ್ತು, ಮಳೆಗಾಲದ ನೆಗಡಿ ಎಂದು ಹೆಚ್ಚಿನವರು ಅತ್ತ ಗಮನ ಕೊಡಲಿಲ್ಲ. ಸೆಪ್ಟೆಂಬರಿನಲ್ಲಿ ಬಂದದ್ದು ಬೇರೆಯೇ. ಅಕ್ಟೋಬರ್ 6ರ ಒಂದೇ ದಿನ ಮುಂಬಯಿ ನಗರದಲ್ಲಿ 768 ಜನ ಸತ್ತರು. ಅಲ್ಲಿಂದ ಹೊರಡುವ ಪ್ರತಿ ರೈಲೂ ರೋಗವನ್ನು ಹೊತ್ತೇ ಹೊರಟಿತು. ಹುಬ್ಬಳ್ಳಿ ಆಗ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯ ಕೂಡುನಿಲ್ದಾಣ: ಪಶ್ಚಿಮಕ್ಕೆ ಲೋಂಡಾ ಮೂಲಕ ಬೆಳಗಾವಿ, ಪುಣೆ ಮತ್ತು ಗೋವೆಯ ಮೊರ್ಮುಗಾವ್ ಬಂದರು, ಪೂರ್ವಕ್ಕೆ ಗದಗ, ಗುಂತಕಲ್ಲು, ದಕ್ಷಿಣಕ್ಕೆ ಹರಿಹರ, ಬೆಂಗಳೂರು. ರೈಲು ಮತ್ತು ಅಂಚೆಯ ನೌಕರರೇ ರೋಗದ ಮುಖ್ಯ ವಾಹಕರಾದರು ಎಂದು ಭಾರತ ಸರ್ಕಾರದ ಸ್ಯಾನಿಟರಿ ಕಮಿಷನರ್ ನಾರ್ಮನ್ ವೈಟ್ ತನ್ನ ವರದಿಯಲ್ಲಿ ಗುರುತಿಸಿದ. ಹತ್ತಿಯ ಅಂಡಿಗೆ ಸಾಗಲೆಂದು ಹಾಕಿದ ಹಳಿಗಳ ಮೇಲೆ ಪ್ಲೇಗಿನ ಇಲಿಯೂ ಪ್ರಯಾಣ ಮಾಡಿತ್ತು, ನಿಜ. ಆದರೆ ಇಲಿ ಇಳಿದು, ಊರಿನ ಇಲಿಗಳಿಗೆ ರೋಗ ಹತ್ತಿ, ಅವು ಸತ್ತು, ಹಸಿದ ಚಿಗಟ ಮನುಷ್ಯನನ್ನು ಹುಡುಕಲು ವಾರಗಳು ಬೇಕು. ಕೆಮ್ಮುವ ಪ್ರಯಾಣಿಕ ಡಬ್ಬಿಯಲ್ಲಿ ಕೂತಲ್ಲೇ ಆ ಕೆಲಸವನ್ನೆಲ್ಲ ಮುಗಿಸುತ್ತಾನೆ. ಸೋಂಕು ತಗುಲಿ ಒಂದೆರಡು ದಿನ ಅವನಿಗೇ ತಾನು ರೋಗಿಯೆಂದು ಗೊತ್ತಿರುವುದಿಲ್ಲ.

ಇಂಥ ಬೇನೆಗೆ ಊರು ಬಿಡುವುದು ಮದ್ದಲ್ಲ, ಬೇನೆಗೆ ಮಾಡಿಕೊಡುವ ಉಪಕಾರ. ಪ್ಲೇಗಿನ ಕಾಲದಲ್ಲಿ ಬಿಟ್ಟ ಮನೆಯಲ್ಲೇ ಉಳಿಯುತ್ತಿದ್ದ ರೋಗ ಈಗ ಓಡುವವನ ಎದೆಯಲ್ಲೇ ಕೂತು ಹಳ್ಳಿಗೆ ಬರುತ್ತಿತ್ತು. ಗುಡಿಸಲಿನ ಒಂದೇ ಕೋಣೆಯಲ್ಲಿ ಆರು ಜನ ಮಲಗಿದರೆ ಆರೂ ಜನಕ್ಕೆ ಹಂಚಿಕೆ. ಸೂಜಿಯೂ ಸೋತಿತು. 1892ರಲ್ಲಿ ಜರ್ಮನಿಯ ಫೈಫರ್ ಗುರುತಿಸಿದ ಒಂದು ಬ್ಯಾಕ್ಟೀರಿಯವೇ ಇನ್‌ಫ್ಲುಯೆಂಜಾಕ್ಕೆ ಕಾರಣ ಎಂದು ನಂಬಿ ಜಗತ್ತಿನ ಹಲವೆಡೆ ಲಸಿಕೆ ತಯಾರಿಸಿದರು. ನಿಜವಾದ ಕಾರಣ ವೈರಸ್ ಎಂದು ಲಂಡನ್ನಿನಲ್ಲಿ ಸ್ಮಿತ್, ಆಂಡ್ರೂಸ್, ಲೇಡ್ಲಾ ತೋರಿಸಿದ್ದು 1933ರಲ್ಲಿ. ಅಜ್ಞಾನವೇ ಸೋಲಿನ ಕಾರಣ ಎಂದು ಇಲ್ಲಿ ಯಾರಾದರೂ ವಾದಿಸಬಹುದು. ಆದರೆ ಚಿಗಟದ ವಿಷಯದಲ್ಲಿ 1898ರ ಹುಬ್ಬಳ್ಳಿಯ ಅಜ್ಞಾನ ಇದಕ್ಕಿಂತ ಕಡಿಮೆಯೇನೂ ಇರಲಿಲ್ಲ. ಅಂದು ಅರಿಯದೆ ಮಾಡಿದ್ದು ಫಲಿಸಿತು, ಇಂದು ಅರಿಯದೆ ಮಾಡಿದ್ದು ತಿರುಗಿಬಿತ್ತು. ಬದಲಾಗಿದ್ದು ರೋಗ ಹೊಕ್ಕ ಬಾಗಿಲು.

ಶ್ವಾಸಕೋಶದ ಒಳಗೆ ಏನು ನಡೆಯಿತು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ವೈರಸ್ಸೇ ಗಾಳಿಚೀಲಗಳಿಗೆ ಇಳಿದು, ದೇಹದ ಪ್ರತಿರೋಧವೇ ಅತಿಯಾಗಿ, ಚೀಲಗಳಲ್ಲಿ ನೀರು ರಕ್ತ ತುಂಬಿ ಉಸಿರು ಕಟ್ಟಿಸಿತು ಎಂದು ಒಂದು ಪಕ್ಷ. ರೋಮಗಳ ಕಾವಲು ನಾಶವಾದ ಮೇಲೆ ಗಂಟಲಲ್ಲಿ ಸುಮ್ಮನಿದ್ದ ನ್ಯುಮೋಕಾಕಸ್, ಸ್ಟ್ರೆಪ್ಟೊಕಾಕಸ್‌ಗಳಂಥ ಬ್ಯಾಕ್ಟೀರಿಯಗಳು ಕೆಳಗಿಳಿದು ನ್ಯುಮೋನಿಯಾ ತಂದವು, ಬಹುಪಾಲು ಸಾವು ಅದರಿಂದಲೇ ಎಂದು ಇನ್ನೊಂದು ಪಕ್ಷ. 2008ರಲ್ಲಿ ಮೊರೆನ್ಸ್, ಟೌಬೆನ್‌ಬರ್ಗರ್ ಮತ್ತು ಫೌಚಿ ಆ ಕಾಲದ ಶವಪರೀಕ್ಷೆಯ ಮಾದರಿಗಳನ್ನೂ ವರದಿಗಳನ್ನೂ ಪರಿಶೀಲಿಸಿ ಎರಡನೆಯ ಪಕ್ಷಕ್ಕೆ ಹೆಚ್ಚಿನ ಬಲ ಕೊಟ್ಟರು. ಎರಡೂ ದಾರಿ ಸೇರುವುದು ಒಂದೇ ಕಡೆ: ಗಾಳಿ ಇರಬೇಕಾದ ಕಡೆ ದ್ರವ ತುಂಬುತ್ತದೆ, ತುಟಿ ಕಿವಿಗಳು ನೀಲಿಗಟ್ಟುತ್ತವೆ. ಪೆನ್ಸಿಲಿನ್ ಇನ್ನೂ ಹುಟ್ಟಿರಲಿಲ್ಲ.

ಮುಂಬಯಿ ಪ್ರಾಂತದಲ್ಲಿ, ಧಾರವಾಡ ಅದರ ದಕ್ಷಿಣದ ಜಿಲ್ಲೆ, ಕೆಲವೇ ತಿಂಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಲೆಕ್ಕ ಬರೆದವರು ಹಳ್ಳಿಯ ಅಧಿಕಾರಿಗಳು. ಅವರ ಸಾವಿನ ಪಟ್ಟಿಯಲ್ಲಿ ಕಾಲರಾಕ್ಕೆ ಒಂದು ಕಾಲಮ್ಮು, ಸಿಡುಬಿಗೆ ಒಂದು, ಪ್ಲೇಗಿಗೆ ಒಂದು; ಉಳಿದದ್ದರಲ್ಲಿ ಬಹುಪಾಲು ‘ಜ್ವರ’. 1918ರ ಫ್ಲೂ ಸಾವುಗಳು ಹೆಚ್ಚಾಗಿ ಆ ಜ್ವರದ ಕಾಲಮ್ಮಿಗೇ ಹೋದವು. ಹೀಗಾಗಿ ದೇಶದ ಒಟ್ಟು ಸಾವಿನ ಲೆಕ್ಕವೆಂದರೆ, ಹಿಂದಿನ ವರ್ಷಗಳ ಜ್ವರದ ಸಾವನ್ನು ಕಳೆದು ಉಳಿದದ್ದೆಷ್ಟು ಎಂಬ ಅಂದಾಜು. ವೈಟ್ 60 ಲಕ್ಷ ಎಂದ, 1921ರ ಜನಗಣತಿಯವರು ಅದನ್ನು ದುಪ್ಪಟ್ಟು ಮಾಡಿದರು, 1986ರಲ್ಲಿ ಇಯಾನ್ ಮಿಲ್ಸ್ 1.7ರಿಂದ 1.8 ಕೋಟಿ ಎಂದ, 2012ರಲ್ಲಿ ಸಿದ್ಧಾರ್ಥ ಚಂದ್ರ ಮತ್ತು ಸಂಗಡಿಗರು 1.4 ಕೋಟಿಯ ಹತ್ತಿರಕ್ಕೆ ಇಳಿಸಿದರು. ಹಿಗ್ಗಿಸಿದರೂ ಕುಗ್ಗಿಸಿದರೂ, ಇಂದಿನ ಭಾರತದ ಗಡಿಯೊಳಗಿನ ಜನಸಂಖ್ಯೆ 1911ರಿಂದ 1921ಕ್ಕೆ 25.21 ಕೋಟಿಯಿಂದ 25.13 ಕೋಟಿಗೆ ಇಳಿದದ್ದು ನಿಂತೇ ಇದೆ. ಜನಗಣತಿಯ ಚರಿತ್ರೆಯಲ್ಲಿ ಹತ್ತು ವರ್ಷದ ಲೆಕ್ಕ ಹಿಂದಕ್ಕೆ ಸರಿದದ್ದು ಅದೊಂದೇ ಸಲ.

ಶ್ವಾಸಕೋಶದ ವಾದಕ್ಕೆ ಬರುವ ದೊಡ್ಡ ಆಕ್ಷೇಪ ಬಡತನದ್ದು. ಶ್ವಾಸಕೋಶ ಸಾಹೇಬನಿಗೂ ಒಂದೇ, ಕೂಲಿಗೂ ಒಂದೇ. ಸಾವು ಮಾತ್ರ ಒಂದೇ ಅಲ್ಲ. ಮುಂಬಯಿ ನಗರದ ಆರೋಗ್ಯಾಧಿಕಾರಿ ಟರ್ನರ್‌ನ ಲೆಕ್ಕದಲ್ಲಿ ಯುರೋಪಿಯನ್ನರಲ್ಲಿ ಸಾವಿರಕ್ಕೆ 8 ಜನ, ಪಾರ್ಸಿಗಳಲ್ಲಿ 9, ಮೇಲ್ಜಾತಿ ಹಿಂದೂಗಳಲ್ಲಿ 19ರ ಆಸುಪಾಸು, ‘ಕೆಳಜಾತಿ’ ಎಂದು ಬರೆಸಿಕೊಂಡವರಲ್ಲಿ 61 ಜನ ಸತ್ತಿದ್ದರು. ಆ ವರ್ಷ ದೇಶದ ಮುಂಗಾರು ವಾಡಿಕೆಗಿಂತ ಸುಮಾರು ಕಾಲುಭಾಗ ಕಡಿಮೆ, ಯುದ್ಧದಿಂದ ಕಾಳಿನ ಬೆಲೆ ಮೊದಲೇ ಏರಿತ್ತು, ಸರ್ಕಾರಿ ವೈದ್ಯರಲ್ಲಿ ಎಷ್ಟೋ ಜನ ರಣರಂಗಗಳಿಗೆ ಹೋಗಿದ್ದರು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ, ತಳ್ಳಿಹಾಕಬೇಕಾಗಿಯೂ ಇಲ್ಲ. ಸೋಂಕು ಯಾರನ್ನು ಮುಟ್ಟಬೇಕು ಎಂಬುದನ್ನು ಉಸಿರು ನಿರ್ಧರಿಸಿತು, ಮುಟ್ಟಿದ ಮೇಲೆ ಯಾರು ಏಳಬೇಕು ಎಂಬುದನ್ನು ಅನ್ನ ಮತ್ತು ಆರೈಕೆ ನಿರ್ಧರಿಸಿದವು. ಬ್ಯಾಕ್ಟೀರಿಯದ ನ್ಯುಮೋನಿಯಾ ವಾರಗಟ್ಟಲೆ ಎಳೆಯುವ ರೋಗ. ಆ ವಾರಗಳಲ್ಲಿ ಗಂಜಿ ಕಾಯಿಸಿ ಕುಡಿಸುವವರು, ನೀರು ತರುವವರು ಬೇಕು. ಬಹುತೇಕ ದೇಶಗಳಲ್ಲಿ ಗಂಡಸರು ಹೆಚ್ಚು ಸತ್ತರೆ ಭಾರತದಲ್ಲಿ ಹೆಂಗಸರು ಹೆಚ್ಚು ಸತ್ತರು, ಅದರಲ್ಲೂ 20ರಿಂದ 40ರ ಪ್ರಾಯದವರು. ಆರೈಕೆ ಮಾಡುವವಳು ರೋಗಿಯ ಉಸಿರಿನ ಅಳತೆಯಲ್ಲೇ ಇರುತ್ತಾಳೆ, ಅವಳು ಬಿದ್ದಾಗ ಅವಳಿಗೆ ಗಂಜಿ ಕಾಯಿಸುವವರಿಲ್ಲ. ಪ್ಲೇಗಿನಲ್ಲಿ ಅಮ್ಮನ ಆರೈಕೆ ಅಮ್ಮನನ್ನು ಈ ಮಟ್ಟಿಗೆ ಬಲಿ ತೆಗೆದುಕೊಳ್ಳಲಿಲ್ಲ. ಬಡತನದ ವಾದವೇ ಇಲ್ಲಿ ಹಿಂತಿರುಗಿ ಶ್ವಾಸಕೋಶದ ವಾದಕ್ಕೆ ಬಂದು ಸೇರುತ್ತದೆ.

ಆ ವೈರಸ್ಸಿನ ಗುರುತು ಕೊನೆಗೆ ಸಿಕ್ಕದ್ದೂ ಶ್ವಾಸಕೋಶದಲ್ಲೇ. ಅಮೆರಿಕದ ಸೇನೆಯ ರೋಗಶಾಸ್ತ್ರ ಸಂಸ್ಥೆಯಲ್ಲಿ ಕಾಪಿಟ್ಟಿದ್ದ 1918ರ ಸೈನಿಕರ ಶ್ವಾಸಕೋಶದ ಚೂರುಗಳು ಮತ್ತು 1997ರಲ್ಲಿ ಅಲಾಸ್ಕಾದ ಬ್ರೆವಿಗ್ ಮಿಷನ್ ಎಂಬ ಹಳ್ಳಿಯ ಹಿಮಗಟ್ಟಿದ ನೆಲದಿಂದ ಯೋಹಾನ್ ಹುಲ್ಟಿನ್ ತೆಗೆದ ಒಬ್ಬ ಹೆಂಗಸಿನ ಶ್ವಾಸಕೋಶ, ಇವುಗಳಿಂದ ಟೌಬೆನ್‌ಬರ್ಗರ್‌ನ ತಂಡ ವೈರಸ್ಸಿನ ಪೂರ್ತಿ ಆನುವಂಶಿಕ ರಚನೆಯನ್ನು 2005ರ ಹೊತ್ತಿಗೆ ಓದಿ ಮುಗಿಸಿತು. ಆ ಹಳ್ಳಿಯ 80 ಜನ ವಯಸ್ಕರಲ್ಲಿ 72 ಜನ 1918ರ ನವೆಂಬರಿನ ಐದಾರು ದಿನಗಳಲ್ಲಿ ಸತ್ತಿದ್ದರು.

ಹುಬ್ಬಳ್ಳಿಗೆ ತನ್ನದೇ ವೈದ್ಯಕೀಯ ಕಾಲೇಜು ಬಂದದ್ದು 1957ರಲ್ಲಿ, ಮುಂದೆ ಕಿಮ್ಸ್ ಎಂದು ಕರೆಸಿಕೊಂಡ ಕರ್ನಾಟಕ ಮೆಡಿಕಲ್ ಕಾಲೇಜು. ವಾರಸುದಾರರಿಲ್ಲದ ಶವಗಳನ್ನು ಕಾಲೇಜುಗಳಿಗೆ ಕೊಡುವ ರಾಜ್ಯದ ಅನಾಟಮಿ ಕಾಯ್ದೆಯೂ ಅದೇ ವರ್ಷದ್ದು. ಅಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳು ಎದೆಗೂಡನ್ನು ತೆರೆದು ಶ್ವಾಸಕೋಶವನ್ನು ಕೈಯಲ್ಲಿ ಹಿಡಿದಾಗ ಕಾಣುವ ಒಂದು ಸಾಮಾನ್ಯ ಸಂಗತಿ: ಅದರ ಮುಂಭಾಗ ಸಣ್ಣದು, ಬೆನ್ನಿನ ಕಡೆಯ ಭಾಗ ದೊಡ್ಡದು, ಮುಂದುಗಡೆ ಹೃದಯ ಜಾಗ ಹಿಡಿದಿರುತ್ತದೆ. ಮನುಷ್ಯ ಅಂಗಾತ ಮಲಗಿದರೆ ಹೃದಯದ ಭಾರ ಹಿಂದಿನ ಆ ದೊಡ್ಡ ಭಾಗದ ಮೇಲೆ ಬೀಳುತ್ತದೆ, ದ್ರವವೂ ಅಲ್ಲೇ ಇಳಿಯುತ್ತದೆ. ಇಷ್ಟು ತಿಳಿಯಲು ಮಾಲ್ಪಿಗಿಯ ಸೂಕ್ಷ್ಮದರ್ಶಕವೂ ಬೇಡ. ಆದರೆ ಉಸಿರು ಕಟ್ಟುವ ರೋಗಿಯನ್ನು ಮಕಾಡೆ ಮಲಗಿಸಿದರೆ ರಕ್ತದಲ್ಲಿ ಆಮ್ಲಜನಕ ಏರುತ್ತದೆ ಎಂದು ವೈದ್ಯರು ಬರೆಯತೊಡಗಿದ್ದು 1970ರ ದಶಕದಲ್ಲಿ, ಅದರಿಂದ ಜೀವ ಉಳಿಯುತ್ತದೆ ಎಂದು ಫ್ರಾನ್ಸಿನ ಗೆರಾನ್ ಮತ್ತು ಸಂಗಡಿಗರು ಪ್ರಯೋಗದಿಂದ ತೋರಿಸಿದ್ದು 2013ರಲ್ಲಿ. 2020ರಲ್ಲಿ ಕಿಮ್ಸ್ ಕೋವಿಡ್ ಆಸ್ಪತ್ರೆಯಾದಾಗ, 2021ರ ಮೇ ತಿಂಗಳಲ್ಲಿ ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದೊಳಗೆ 24 ಜನ ತೀರಿಕೊಂಡು ರಾಜ್ಯವೇ ತಲ್ಲಣಿಸಿದಾಗ, ಯಂತ್ರವಿಲ್ಲದೆ, ಔಷಧವಿಲ್ಲದೆ, ಮನೆಯಲ್ಲೇ ಮಾಡಬಹುದಾದ ಉಪಾಯವೆಂದು ಕೇಂದ್ರ ಆರೋಗ್ಯ ಇಲಾಖೆ ಜನರಿಗೆ ಚಿತ್ರ ಬರೆದು ಹೇಳಿದ್ದು ಇದನ್ನೇ: ಎದೆಯ ಕೆಳಗೊಂದು ದಿಂಬು ಇಟ್ಟುಕೊಂಡು ಬೋರಲು ಮಲಗಿ, ಕಿಟಕಿ ತೆರೆದಿಡಿ.